ಕರುಳಿನ ಕ್ಯಾನ್ಸರ್: ಹೇಳಲು ಸಂಕೋಚ ಬೇಡ



1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಫುಟ್‌ಬಾಲ್ ಗೆದ್ದುಕೊಟ್ಟ ನಾಯಕ ಬಾಬಿ ಮೂರ್ 1993ರಲ್ಲಿ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ ಬರೀ 51 ವರ್ಷ. ಪತ್ನಿ ಸ್ಟೆಫನಿ ಅದೇ ವರ್ಷ ಅವರ ಹೆಸರಿನಲ್ಲಿ ನಿಧಿಯೊಂದನ್ನು ಆರಂಭಿಸಿದರು. ಅದರ ಕೆಲಸ ಎರಡು: ಸಂಶೋಧನೆಗೆ ಹಣ ಕೂಡಿಸುವುದು, ಜನರಿಗೆ ರೋಗಲಕ್ಷಣ ತಿಳಿಸುವುದು. ಎರಡನೆಯದು ಸುಲಭವಲ್ಲ, ಮಲದ ಮಾತೆತ್ತಲು ಎಲ್ಲ ದೇಶದವರಿಗೂ ನಾಚಿಕೆಯೇ.

ನಮ್ಮಲ್ಲೂ ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ ಇರಬೇಕು’ ಎಂದು ಸುಮ್ಮನಾಗುತ್ತಾರೆ. ಮೂಲವ್ಯಾಧಿಯೇ ಇದ್ದೀತು, ಆದರೆ ಅದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಮಲದಲ್ಲಿ ರಕ್ತ, ಮೂರು ವಾರವಾದರೂ ನಿಲ್ಲದ ಭೇದಿ ಅಥವಾ ಮಲಬದ್ಧತೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ – ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತಿಳಿಸಿ. ಸಂಕೋಚವಾದರೆ ಮೊದಲು ಸಿಸ್ಟರ್‌ಗೆ ಹೇಳಿ. ಬೇಗ ಪತ್ತೆಯಾದರೆ ಈ ಕಾಯಿಲೆ ಬಹುಪಾಲು ಗುಣವಾಗುತ್ತದೆ.