ಸರೋವರದ ಹೂಳಿನಲ್ಲಿ ರಂಜಕದ ಲೆಕ್ಕ



ಭತ್ತದ ಗರಿ ಕೈಗೆ ಒರಟಾಗಿ ತಗಲುವುದು ಅದರಲ್ಲಿರುವ ಸಿಲಿಕಾದಿಂದ. ನೀರಿನಲ್ಲಿಯೂ ಸಿಲಿಕಾ ಬೇಡುವ ಒಂದು ಬೆಳೆಯುಂಟು. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ನೀರಿನಲ್ಲಿ ಕರಗಿದ ಸಿಲಿಕಾವನ್ನು ಹೀರಿ ಗಾಜಿನಂತಹ ಚಿಪ್ಪು ಕಟ್ಟಿಕೊಳ್ಳುತ್ತದೆ. ಅದು ಸತ್ತಾಗ ಚಿಪ್ಪು ತಳಕ್ಕಿಳಿದು, ಕರಗದೆ ಉಳಿದಷ್ಟು ಹೂಳಿನಲ್ಲಿ ಪದರ ಪದರವಾಗಿ ಸೇರುತ್ತದೆ. ಹೂಳನ್ನು ವಾಷಿಂಗ್ ಸೋಡಾದ ಬಿಸಿ ದ್ರಾವಣದಲ್ಲಿಟ್ಟರೆ ಚಿಪ್ಪು ಬೇಗ ಕರಗುತ್ತದೆ, ಜೇಡಿ ನಿಧಾನ. ಇದರಿಂದ ಯಾವ ಪದರದಲ್ಲಿ ಎಷ್ಟಿದೆಯೆಂದು ತಿಳಿಯಬಹುದು.

ಅಮೆರಿಕದ ಮಿಚಿಗನ್ ಸರೋವರವನ್ನು ನೋಡಿ. ಪಟ್ಟಣದ ಚರಂಡಿ, ಸಾಬೂನು ಪುಡಿ, ಹೊಲದ ಮಣ್ಣು ಇವುಗಳೊಡನೆ ರಂಜಕ ಬಂದು ಸೇರಿತು. ಡಯಾಟಮ್ ಹುಲುಸಾಗಿ ಬೆಳೆಯಿತು. ಒಳ್ಳೆಯದೇ ಆಯಿತಲ್ಲ ಎನ್ನಬಹುದು. ಆದರೆ ಸಿಲಿಕಾ ಚಿಪ್ಪಿನೊಡನೆ ತಳ ಸೇರಿ, ಬೇಸಿಗೆಯಲ್ಲಿ ಮೇಲಿನ ನೀರಿನಲ್ಲಿ ಅದು ಬರಿದಾಗತೊಡಗಿತು. ಸಿಲಿಕಾ ಬೇಡದ ನೀಲಿ-ಹಸಿರು ಪಾಚಿಗೆ ಇದರಿಂದ ದಾರಿಯಾಗುತ್ತದೆಂದು ಶೆಲ್ಸ್ಕಿ ಮತ್ತು ಸ್ಟೋರ್ಮರ್ ಎಂಬ ವಿಜ್ಞಾನಿಗಳು 1971ರಲ್ಲೇ ಎಚ್ಚರಿಸಿದರು.

ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡು ಹೋಗುವ ವಸ್ತು. ಕಾಸು ಕೊಟ್ಟು ತಂದ ಗೊಬ್ಬರ ಕೆರೆಯ ಪಾಚಿಗೇಕೆ? ಸೂಪರ್ ಫಾಸ್ಫೇಟನ್ನು ಮಣ್ಣು ಪರೀಕ್ಷೆಯ ಶಿಫಾರಸಿನಷ್ಟೇ, ಬಿತ್ತನೆಯ ಸಾಲಿನಲ್ಲಿ ಮಣ್ಣಿನೊಳಗೆ ಹಾಕಿರಿ. ಮಳೆಗೆ ಮುನ್ನ ಮೇಲೆ ಚೆಲ್ಲಬೇಡಿ. ಬದು ಒಡೆದಿದ್ದರೆ ಮೊದಲು ಅದನ್ನು ಕಟ್ಟಿರಿ.