ಸ್ಫೂರ್ತಿಯೂ ಸಾಧನೆಯೂ

(ತರುಣ ಲೇಖಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಈ ಕೂಟದ ಕಾರ್ಯದರ್ಶಿಗಳು ನಮ್ಮನ್ನು ಕರೆಯಲು ಬಂದಾಗ, ಯಾವ ವಿಷಯವನ್ನು ಕುರಿತು ಮಾತನಾಡಬೇಕೆಂದು ಅವರನ್ನು ಕೇಳಿದೆವು. ಅವರು ತುಸು ಸಂಕೋಚದಿಂದ, "ನಮ್ಮ ಕೂಟದಲ್ಲಿ ಬರೆಯುವವರು ಇಪ್ಪತ್ತು ಜನರಿದ್ದೇವೆ, ಆದರೆ ಈ ಆರು ತಿಂಗಳಲ್ಲಿ ಬರೆದವರು ಇಬ್ಬರೇ. ಉಳಿದವರೆಲ್ಲರೂ ಸ್ಫೂರ್ತಿ ಬರಲೆಂದು ಕಾಯುತ್ತಿದ್ದೇವೆ. ಇದಕ್ಕೆ ಉಪಾಯವೇನಾದರೂ ಇದ್ದರೆ ಹೇಳಬೇಕು" ಎಂದರು. ನಾವು ಕೂಡಲೆ ಒಪ್ಪಿಕೊಂಡೆವು. ಉಪಾಯವನ್ನು ಬಲ್ಲೆವೆಂಬ ಅಭಿಮಾನದಿಂದ ಒಪ್ಪಿದವರಲ್ಲ. ಅದೇ ಬೇನೆಯನ್ನು ಎರಡು ವರುಷ ತಿಂದವರು ನಾವು. ಆ ಕಥೆಯನ್ನು ಕೊನೆಗೆ ಹೇಳುವೆವು. ಅದಕ್ಕೆ ಮುನ್ನ, ನಮಗಿಂತ ಹಿರಿಯರಾದವರು ಈ ವಿಷಯದಲ್ಲಿ ಹೇಗೆ ನಡೆದುಕೊಂಡರೆಂಬದನ್ನು ನೋಡುವದು ಒಳಿತು.

ಸ್ಫೂರ್ತಿಯೆಂಬದು ಮಿಂಚಿನಂತೆ, ಅದು ಯಾವಾಗ ಬರುವದೋ ಯಾರ ಮೇಲೆ ಬೀಳುವದೋ ಹೇಳಲಾಗದು, ಬಂದಾಗ ಬರೆಯಬೇಕು, ಬಾರದಿದ್ದಾಗ ಸುಮ್ಮನಿರಬೇಕು — ಇದು ನಮ್ಮಲ್ಲಿ ಬಹುಜನರ ನಂಬಿಕೆ. ಆದರೆ ನಮ್ಮ ಹಳೆಯ ಅಲಂಕಾರಿಕರು ಹೀಗೆ ಹೇಳಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಮಮ್ಮಟನು ತನ್ನ 'ಕಾವ್ಯಪ್ರಕಾಶ'ದಲ್ಲಿ ಕಾವ್ಯದ ಹುಟ್ಟಿಗೆ ಮೂರನ್ನು ಹೇಳಿದನು: ಶಕ್ತಿ, ನಿಪುಣತೆ, ಅಭ್ಯಾಸ. ಶಕ್ತಿಯು ಹುಟ್ಟಿನಿಂದ ಬಂದದ್ದು. ನಿಪುಣತೆಯು ಲೋಕವನ್ನೂ ಶಾಸ್ತ್ರಗಳನ್ನೂ ಕಾವ್ಯಗಳನ್ನೂ ನೋಡಿ ನೋಡಿ ಬರುವದು. ಅಭ್ಯಾಸವು ಬಲ್ಲವರ ಹತ್ತಿರ ಕಲಿತು ಮತ್ತೆ ಮತ್ತೆ ಮಾಡುವದರಿಂದ ಬರುವದು. ಇಲ್ಲಿ ಒಂದು ಸೂಕ್ಷ್ಮವುಂಟು. ಈ ಮೂರನ್ನೂ ಎಣಿಸಿದ ಮೇಲೆ ಮಮ್ಮಟನು ಇವು 'ಕಾರಣಗಳು' ಎಂದು ಬಹುವಚನದಲ್ಲಿ ಹೇಳದೆ 'ಕಾರಣ' ಎಂದು ಏಕವಚನದಲ್ಲಿ ಹೇಳಿದನು. ಮೂರೂ ಕೂಡಿ ಒಂದೇ ಕಾರಣವೆಂದು ಅವನ ಅಭಿಪ್ರಾಯ. ಆ ಮೂರರಲ್ಲಿ ಒಂದು ದೈವದ ಕೈಯಲ್ಲಿದ್ದರೆ ಎರಡು ನಮ್ಮ ಕೈಯಲ್ಲಿವೆ. ನಾವಾದರೋ ದೈವದ ಪಾಲನ್ನೇ ಚಿಂತಿಸುತ್ತ ನಮ್ಮ ಪಾಲನ್ನು ಮರೆತು ಕುಳಿತಿರುವೆವು.

ಇದಕ್ಕೆ ಯಾರಾದರೂ ಪಂಪನ ಉದಾಹರಣೆಯನ್ನು ಅಡ್ಡ ತರಬಹುದು. 'ಆದಿಪುರಾಣ'ವನ್ನು ಮೂರು ತಿಂಗಳಲ್ಲಿಯೂ 'ವಿಕ್ರಮಾರ್ಜುನವಿಜಯ'ವನ್ನು ಆರು ತಿಂಗಳಲ್ಲಿಯೂ ಮುಗಿಸಿದೆನೆಂದು ಆತನೇ ಹೇಳಿಕೊಂಡಿರುವನಲ್ಲ, ಅದು ಮಿಂಚಲ್ಲದೆ ಮತ್ತೇನು ಎಂದು ಕೇಳಬಹುದು. ಕ್ರಿ. ಶ. 941ರ ಆ ಕಾಲಕ್ಕೆ ಪಂಪನಿಗೆ ಸುಮಾರು ನಾಲ್ವತ್ತು ವಯಸ್ಸು. ಅರಿಕೇಸರಿಯ ಆಸ್ಥಾನವನ್ನು ಕಂಡವನು, ಕತ್ತಿ ಹಿಡಿದು ಕಾದಿದವನು, ಸಂಸ್ಕೃತ ಪ್ರಾಕೃತಗಳನ್ನು ಅರೆದು ಕುಡಿದವನು, ಬನವಾಸಿಯ ನೆಲವನ್ನು ಎದೆಯಲ್ಲಿ ಹೊತ್ತು ತಿರುಗಿದವನು. ಆರು ತಿಂಗಳ ಕೊಯ್ಲಿನ ಹಿಂದೆ ನಾಲ್ವತ್ತು ವರುಷದ ಉಳುಮೆಯಿದ್ದಿತು. ಕೊಯ್ಲನ್ನು ಮಾತ್ರ ಕಂಡು ಉಳುಮೆಯನ್ನು ಕಾಣದವರು ಅದನ್ನು ಮಿಂಚೆಂದು ಕರೆಯುವರು.

ಇನ್ನು ಗದುಗಿನ ಕುಮಾರವ್ಯಾಸನನ್ನು ಕುರಿತ ಐತಿಹ್ಯವನ್ನು ನೀವೆಲ್ಲರೂ ಕೇಳಿರುವಿರಿ. ಆತನು ಪ್ರತಿದಿನವೂ ಕೋನೇರಿ ತೀರ್ಥದಲ್ಲಿ ಮಿಂದು, ಒದ್ದೆಯ ಬಟ್ಟೆಯಲ್ಲಿಯೇ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಕುಳಿತು ಬರೆಯುತ್ತಿದ್ದನಂತೆ. ಬಟ್ಟೆ ಆರುವವರೆಗೆ ಮಾತ್ರ ಕವಿತೆ ಹರಿಯುತ್ತಿದ್ದಿತಂತೆ, ಆರಿದೊಡನೆ ನಿಲ್ಲುತ್ತಿದ್ದಿತಂತೆ. ಆ ಕಂಬವನ್ನು ಇಂದಿಗೂ ಅಲ್ಲಿ ತೋರಿಸುವರು. ಈ ಕಥೆಯನ್ನು ಹೇಳುವವರು ಭಗವಂತನ ವರವನ್ನು ಹೊಗಳುವರು. ನಾವೂ ಅದನ್ನು ಅಲ್ಲಗಳೆಯುವದಿಲ್ಲ. ಆದರೆ ಕಥೆಯೊಳಗಣ ಇನ್ನೊಂದು ಸಂಗತಿಯನ್ನು ನೋಡಿರಿ. ಪ್ರತಿದಿನವೂ ಮೀಯಬೇಕಾದವನು ಕವಿಯೇ ಆಗಿದ್ದನು. ಹಿಂದಿನ ದಿನ ಬಟ್ಟೆ ಆರಿ ಪದ್ಯ ನಡುವೆ ನಿಂತಿತೆಂದು ಆತನು ಮರುದಿನ ಮನೆಯಲ್ಲಿ ಉಳಿಯಲಿಲ್ಲ. ಅದೇ ಹೊತ್ತು, ಅದೇ ನೀರು, ಅದೇ ಕಂಬ. ಭಾರತದ ಹತ್ತು ಪರ್ವಗಳು ಹೀಗೆ ದಿನಕ್ಕೊಂದು ಬಟ್ಟೆಯ ಒದ್ದೆಯಷ್ಟು ಕಾಲದಲ್ಲಿ ಬೆಳೆದು ನಿಂತವೆಂದು ನಮ್ಮ ಜನರು ನಂಬಿದರು. ಹೊತ್ತು ಗೊತ್ತು ಮಾಡಿಕೊಂಡು ಕುಳಿತವನ ಹತ್ತಿರಕ್ಕೆ ಸರಸ್ವತಿ ಬರುವಳೆಂಬ ತಿಳಿವಳಿಕೆಯೂ ಆ ನಂಬಿಕೆಯೊಳಗೆ ಸೇರಿದೆ.

ಆದರೆ ಹೊತ್ತಿಗೆ ಸರಿಯಾಗಿ ಕುಳಿತರೂ ಏನೂ ಬಾರದ ದಿನಗಳುಂಟು. ಆಗ ಏನು ಮಾಡತಕ್ಕದ್ದು? ಹಿಂದಿನ ತಲೆಮಾರಿನವರ ನಡತೆಯಲ್ಲಿ ನಮಗೆ ಎರಡು ದಾರಿಗಳು ಕಾಣುವವು.

ಮೊದಲನೆಯದು, ಬೇರೆಯವರ ಮಾತನ್ನು ಕನ್ನಡಕ್ಕೆ ತರುವದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕನ್ನಡದಲ್ಲಿ ಓದಲು ಹೊಸ ಕಥೆಗಳಿಲ್ಲವೆಂಬ ಕೊರಗಿದ್ದಾಗ, ಬಿ. ವೆಂಕಟಾಚಾರ್ಯರು ಬಂಗಾಲಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ತಂದುಕೊಟ್ಟರು. ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ನಿಂತು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಹೇಳಿದರು. ಅನಂತರ ತಾವು ಹೇಳಿದುದನ್ನು ತಾವೇ ಮಾಡಿ ತೋರಿಸಿದರು. 1926ರಲ್ಲಿ ಹೊರಬಂದ ಅವರ 'ಇಂಗ್ಲಿಷ್ ಗೀತಗಳು' ಬಹುಪಾಲು ಅನುವಾದಗಳೇ. ಆದರೆ ಒಂದೊಂದು ಗೀತವನ್ನೂ ಕನ್ನಡದಲ್ಲಿ ಕೂಡಿಸುವಾಗ, ಪ್ರಾಸವನ್ನು ಎಲ್ಲಿ ಬಿಡಬೇಕು, ಗಣವನ್ನು ಹೇಗೆ ಮುರಿದು ಕಟ್ಟಬೇಕು ಎಂಬ ತೊಡಕುಗಳನ್ನು ಅವರು ಬಿಡಿಸಿದರು. ಆ ಬಿಡಿಸಿದ ದಾರಿಯಲ್ಲಿ ಅನಂತರದ ಕವಿಗಳು ನಡೆದರು. ಅನ್ಯರ ಭಾವಕ್ಕೆ ತನ್ನ ಮಾತನ್ನು ಹುಡುಕುವವನು ಮಾತಿನ ಮನೆಯ ಮೂಲೆಮೂಲೆಗಳನ್ನು ತಡಕಬೇಕಾಗುವದು. ಮರೆತು ಹೋಗಿದ್ದ ತನ್ನ ಒಡವೆಯೂ ಆಗ ಕೈಗೆ ಸಿಗುವದು. ಆದುದರಿಂದ ಬರೆಯಲು ಏನೂ ತೋಚದ ದಿನ ಅನುವಾದಕ್ಕೆ ಕೂಡುವದನ್ನು ಯಾರೂ ಕೀಳೆಂದು ತಿಳಿಯಬಾರದು.

ಎರಡನೆಯ ದಾರಿಯು ಜನರ ಬಾಯಿಗೆ ಕಿವಿಗೊಡುವದು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು ಮುಂತಾದವರು, ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಪ್ರಕಟಿಸಿದರು. ತಾವು ಕವಿಗಳಾಗಿದ್ದೂ ಅವರು ಮೊದಲು ಲೇಖನಿಯನ್ನು ಇನ್ನೊಬ್ಬರ ಹಾಡಿಗೆ ಕೊಟ್ಟರು. ಮಧುರಚೆನ್ನರ ಸ್ವಂತ ಕವಿತೆಯಲ್ಲಿ ಮುಂದೆ ಆ ಹಾಡುಗಳ ನಡೆಯೇ ಕೇಳಿಬಂದುದನ್ನು ಓದಿದವರೆಲ್ಲರೂ ಬಲ್ಲರು.

ಆ ಹಾಡುಗಳು ಎಲ್ಲಿ ಹುಟ್ಟಿದವೆಂಬದನ್ನೂ ವಿಚಾರಿಸಿರಿ. ಅವುಗಳಲ್ಲಿ ಎಷ್ಟೋ ಬೀಸುಕಲ್ಲಿನ ಹಾಡುಗಳು. ನಸುಕಿನಲ್ಲಿ ಎದ್ದ ಹೆಣ್ಣುಮಗಳು ಮೊದಲು ಕಲ್ಲಿಗೆ ಜೋಳವನ್ನು ಹಾಕಿದಳು. ಗೂಟವನ್ನು ಹಿಡಿದು ತಿರುಗಿಸಿದಳು. ಕಲ್ಲು ತಿರುಗಿದ ಮೇಲೆ ತವರಿನ ನೆನಪು ಬಂದಿತು, ಅಣ್ಣನ ನೆನಪು ಬಂದಿತು, ತ್ರಿಪದಿ ಬಂದಿತು. ಹಾಡು ಬರಲಿ, ಆಮೇಲೆ ಬೀಸಿದರಾಯಿತೆಂದು ಕುಳಿತವಳ ಮನೆಯಲ್ಲಿ ಅಂದು ರೊಟ್ಟಿಯೂ ಆಗುತ್ತಿರಲಿಲ್ಲ, ಹಾಡೂ ಆಗುತ್ತಿರಲಿಲ್ಲ. ಓದು ಬರಹಗಳಿಲ್ಲದೆಯೂ ಕಾವ್ಯದಲ್ಲಿ ನುರಿತವರು ಕನ್ನಡ ನಾಡಿನ ಜನರೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಹೊಗಳಿರುವದು. ಆ ಹೊಗಳಿಕೆಯನ್ನು ಸೋಮಾರಿಗಳು ತಮಗೆ ಅನುಕೂಲವಾಗುವಂತೆ ತಿರುಗಿಸಿಕೊಳ್ಳಬಾರದು. ಆ ಜನರು ಓದಿರಲಿಲ್ಲ, ನಿಜ. ಆದರೆ ಕೇಳಿದ್ದರು, ಹಾಡಿದ್ದರು, ದಿನವೂ ಕಲ್ಲು ತಿರುಗಿಸಿದ್ದರು.

ಇಲ್ಲಿಯೇ ಇನ್ನೊಂದು ತರದ ಬರವನ್ನೂ ಹೇಳಬೇಕು. ನೀರಿದ್ದೂ ಕಾಲುವೆ ತಪ್ಪಿದರೆ ಪೈರು ಒಣಗುವದು. ಕುವೆಂಪು ಅವರು ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದರು. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಪುಸ್ತಕವನ್ನೂ ಅಚ್ಚು ಹಾಕಿಸಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರು ಅವುಗಳನ್ನು ನೋಡಿ, ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂದು ಬುದ್ಧಿ ಹೇಳಿದರು. ಆ ತರುಣನಿಗೆ ಅಂದು ಬೇಸರವಾದರೂ ಮಾತು ನಾಟಿತು. ಮಲೆನಾಡಿನ ಕಾಡು, ಮಳೆ, ಹಕ್ಕಿ ಇವೆಲ್ಲ ತಮ್ಮ ಹೆಸರುಗಳೊಡನೆ ಕನ್ನಡದಲ್ಲಿ ಬಂದು ನಿಂತವು. ಅದೇ ಕೈ ಮುಂದೆ ವರುಷಗಟ್ಟಲೆ ಕುಳಿತು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಬರೆಯಿತು. ಆದುದರಿಂದ ಬರಹ ಬತ್ತಿದವನು ತನ್ನನ್ನು ತಾನು ಕೇಳಿಕೊಳ್ಳಬೇಕು: ನಾವು ಬರೆಯಹೊರಟದ್ದು ನಮ್ಮದೋ, ಯಾರನ್ನೋ ನೋಡಿ ತಂದದ್ದೋ?

ಮಿಂಚು ನಿಜವಾಗಿ ಹೊಡೆದವರ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆಲೂರು ವೆಂಕಟರಾಯರು 1905ರಲ್ಲಿ ಹಂಪೆಯನ್ನು ಕಂಡಾಗ ಅವರ ಮನಸ್ಸಿನಲ್ಲಿ ಅಂಥ ಮಿಂಚು ಹೊಳೆಯಿತು. ತಮ್ಮ ಬಾಳನ್ನೇ ಅದು ತಿರುಗಿಸಿತೆಂದು ಅವರು ಹೇಳಿಕೊಂಡಿರುವರು. ಆದರೆ ಅವರ 'ಕರ್ನಾಟಕ ಗತವೈಭವ'ವು ಹೊರಬಂದುದು 1917ರಲ್ಲಿ. ಮಿಂಚಿಗೆ ಒಂದು ಕ್ಷಣ ಸಾಕಾಯಿತು. ಪುಸ್ತಕಕ್ಕೆ ಹನ್ನೆರಡು ವರುಷ ಬೇಕಾದವು. ಅವರು ಆ ಹನ್ನೆರಡು ವರುಷಗಳಲ್ಲಿ ಎರಡನೆಯ ಮಿಂಚಿಗಾಗಿ ಕಾದು ಕುಳಿತಿದ್ದರೆ ಮೊದಲನೆಯದೂ ವ್ಯರ್ಥವಾಗುತ್ತಿದ್ದಿತು.

ಇನ್ನು ನಮ್ಮ ಸ್ವಂತದ ಮಾತು. ನಮ್ಮ ಅವ್ವ ತೀರಿಕೊಂಡ ಮೇಲೆ ಎರಡು ವರುಷ ನಾವು ಒಂದು ಸಾಲನ್ನೂ ಬರೆಯಲಿಲ್ಲ. ಅವ್ವನನ್ನು ಕುರಿತು ಒಂದು ಕವಿತೆ ಬರೆಯಬೇಕೆಂದು ಹೊಸ ವಹಿಯೊಂದನ್ನು ತಂದು ಇಟ್ಟೆವು. ಆ ಕವಿತೆ ದೊಡ್ಡದಾಗಬೇಕು, ಅವ್ವನಿಗೆ ತಕ್ಕದ್ದಾಗಬೇಕು, ಅದಕ್ಕೆ ತಕ್ಕ ಸ್ಫೂರ್ತಿ ಬರಬೇಕು ಎಂದು ಕಾದೆವು. ವಹಿ ಬಿಳಿಯದಾಗಿಯೇ ಉಳಿಯಿತು. ಕೇಳಿದವರಿಗೆಲ್ಲ ಸ್ಫೂರ್ತಿಯಿಲ್ಲವೆಂದು ಹೇಳುತ್ತ ಬಂದೆವು. ಹೇಳುವದರಲ್ಲಿ ಒಂದು ಬಗೆಯ ಹೆಮ್ಮೆಯೂ ಇದ್ದಿತೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುವೆವು.

ಎರಡನೆಯ ವರುಷದ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದೆವು. ಎರೆಯ ಹೊಲದಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಿದ್ದಿತು. ಹೊಲವನ್ನು ಪಾಲಿಗೆ ಮಾಡುವ ಹಿರಿಯರು ಬುಡದಲ್ಲಿ ಕುರುಪಿಯಿಂದ ಅಗೆದು ಒಂದು ಹೆಂಟೆಯನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟರು. ಅದು ಒದ್ದೆಯಾಗಿದ್ದಿತು. "ಸ್ವಾತಿ ಮಳಿ ಆದಮ್ಯಾಲೆ ಒಂದ ಹನಿ ಕಂಡಿಲ್ರೀ ಮಾಸ್ತರ್ರ. ಈ ಬೆಳಿ ನಿಂತಿದ್ದು ಒಳಗಿನ ಹಸಿ ಮ್ಯಾಲೆ. ಮಳಿಗಾಲದಾಗ ಹೊಲ ಖಾಲಿ ಐತಿ ಅಂತ ನಾ ಮನ್ಯಾಗ ಕುಂತಿದ್ರ ಈ ಹಸಿ ಎಲ್ಲಿಂದ ಬರ್ತಿತ್ತು? ಬಿತ್ತೂದಿಲ್ಲದಾಗೂ ಮತ್ತ ಮತ್ತ ಕುಂಟಿ ಹೊಡದೀನಿ" ಎಂದರು. ಅವರು ನಮಗೆ ಉಪದೇಶ ಮಾಡಲಿಲ್ಲ. ಬೆಳೆಯ ಸಂಗತಿಯನ್ನಷ್ಟೇ ಹೇಳಿದರು. ಆದರೆ ಆ ಹೆಂಟೆಯನ್ನು ಹಿಡಿದು ನಾವು ಬಹಳ ಹೊತ್ತು ನಿಂತೆವು.

ಆ ರಾತ್ರಿ ವಹಿಯನ್ನು ತೆರೆದೆವು. ಕವಿತೆಯ ಯೋಚನೆಯನ್ನು ಬಿಟ್ಟು, ಅವ್ವ ಆಡುತ್ತಿದ್ದ ಮಾತುಗಳನ್ನು ನೆನಪಾದಂತೆ ಬರೆಯತೊಡಗಿದೆವು: ಮಳೆಗಳಿಗೆ ಅವಳಿಟ್ಟ ಬೈಗುಳದ ಹೆಸರುಗಳು, ಕರಿಂಡಿಯನ್ನು ಅರೆಯುವ ಕ್ರಮ, ಎಮ್ಮೆಯನ್ನು ಕರೆಯುವ ಕೂಗು, ಸಿಟ್ಟು ಬಂದಾಗಿನ ಗಾದೆಗಳು. ನೂರೈವತ್ತಕ್ಕೆ ಬಂದಾಗ ನೆನಪು ತಡೆಯಿತು. ಉಳಿದುದನ್ನು ಬಲ್ಲವಳು ನಮ್ಮ ಚಿಕ್ಕವ್ವ ಒಬ್ಬಳೇ ಇದ್ದಳು; ಅವಳು ಆ ವರುಷದ ಶ್ರಾವಣದಲ್ಲಿಯೇ ತೀರಿಕೊಂಡಿದ್ದಳು. ನಾವು ಸ್ಫೂರ್ತಿಯ ಹಾದಿ ಕಾಯುತ್ತಿದ್ದ ಆ ಎರಡು ವರುಷಗಳಲ್ಲಿ ಅವಳ ಮನೆಗೆ ಹೋಗಲು ಮುಕ್ಕಾಲು ತಾಸಿನ ದಾರಿಯಿದ್ದಿತು. ಕವಿತೆ ತಡವಾಯಿತೆಂಬ ದುಃಖ ನಮಗಿಲ್ಲ. ಆ ಮಾತುಗಳು ಹೋದವೆಂಬ ದುಃಖ ಹೋಗುವದಿಲ್ಲ.

ಆ ವಹಿಯಿಂದ ಮುಂದೆ ಕೆಲವು ಪ್ರಬಂಧಗಳು ಹುಟ್ಟಿದವು. ದೊಡ್ಡ ಕವಿತೆ ಇನ್ನೂ ಬಂದಿಲ್ಲ, ಬಾರದೆಯೂ ಇರಬಹುದು. ಆದರೆ ಲೇಖನಿ ಮತ್ತೆ ನಿಂತಿಲ್ಲ.

ಆದುದರಿಂದ, ಮಿತ್ರರೇ, ಕಾಯುತ್ತಿರುವ ಆ ಹದಿನೆಂಟು ಜನರಿಗೆ ನಮ್ಮ ವಿಜ್ಞಾಪನೆಯಿಷ್ಟೇ. ದಿನಕ್ಕೆ ಒಂದು ಹೊತ್ತನ್ನು ಗೊತ್ತು ಮಾಡಿರಿ; ಒದ್ದೆ ಬಟ್ಟೆ ಆರುವಷ್ಟು ಹೊತ್ತಾದರೂ ಸಾಕು. ಸ್ವಂತದ್ದು ಬಾರದಿದ್ದರೆ ಒಂದು ಪುಟವನ್ನು ಅನುವಾದಿಸಿರಿ. ಅದೂ ಆಗದಿದ್ದರೆ ಮನೆಯ ಹಿರಿಯರ ಹತ್ತಿರ ಕುಳಿತು ಹತ್ತು ಮಾತುಗಳನ್ನು ಬರೆದುಕೊಳ್ಳಿರಿ. ಬೀಸುಕಲ್ಲು ಇಂದು ಹಿತ್ತಲಿನ ಮೂಲೆಗೆ ಬಿದ್ದಿದೆ, ಹಿಟ್ಟು ಗಿರಣಿಯಿಂದ ಬರುವದು. ಆ ಕಲ್ಲಿನೊಡನೆ ಹಾಡಿದವರು ಇನ್ನೂ ಕೆಲವರು ನಿಮ್ಮ ಮನೆಗಳಲ್ಲಿ ಇರುವರು. ಸ್ಫೂರ್ತಿಯು ನಾಳೆಯೂ ಬಂದೀತು, ನಾಡಿದ್ದೂ ಬಂದೀತು. ಅವರು ನಿಮಗಾಗಿ ಅಷ್ಟು ದಿನ ಕಾಯಲಾರರು. ಈ ಸಭೆ ಮುಗಿದೊಡನೆ ಮನೆಗೆ ಹೋಗಿ ಮೊದಲು ಅವರನ್ನು ಮಾತನಾಡಿಸಿರಿ.