ಕರಗಿಸುವ ಮುನ್ನ



ಒಡವೆ ಬೇಡವೆಂದು ಉಪದೇಶ ಮಾಡಲು ನಾನು ಬಂದಿಲ್ಲ. ನನ್ನ ಕಿವಿಯಲ್ಲೂ ಓಲೆ ಇದೆ, ನಿಮಗೆ ಕಾಣುತ್ತಲೇ ಇದೆ. ಹೇಳಿ ಮಾಡಿಸುವ ಒಡವೆಯ ಬಗ್ಗೆ ನಾಲ್ಕು ಮಾತು ಆಡುತ್ತೇನೆ.

ನಮ್ಮ ತಾಯಂದಿರೂ ಪರಿಚಯದ ಅಕ್ಕಸಾಲಿಗರಿಗೆ ಹೇಳಿ ಅಡ್ಡಿಕೆ, ಅವಲಕ್ಕಿ ಸರ ಮಾಡಿಸಿಕೊಳ್ಳುತ್ತಿದ್ದರು. ಈಗ ಫೋನಿನಲ್ಲಿ ಚಿತ್ರ ತೋರಿಸಿದರೆ ಸಾಕು, ಕಂಪ್ಯೂಟರಿನಲ್ಲಿ ನಮೂನೆ ಸಿದ್ಧ. ಚಿನ್ನದ ಬೆಲೆ ಏರಿದ ಮೇಲೆ ಹಗುರವಾದ ಒಡವೆ, 18 ಕ್ಯಾರೆಟ್ಟಿನ ಒಡವೆ ಬಂದಿವೆ. ಅದರ ಜೊತೆಗೆ ಹಳೆಯದನ್ನು ಕರಗಿಸಿ ಹೊಸದು ಮಾಡಿಸುವ ರೂಢಿಯೂ ಬಲವಾಗಿದೆ. ನನ್ನ ಆತಂಕವಿರುವುದು ಅಲ್ಲಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ತವರಿನವರು 40 ಗ್ರಾಂನ ಎರಡೆಳೆ ಸರ ಹಾಕಿದ್ದರು. “ಇದು ಹಳೇ ಕಾಲದ್ದು, ಹೊಸ ನಮೂನೆಯದು ಮಾಡಿಸೋಣ ಬಾಮ್ಮ” ಎಂದು ಅತ್ತೆ ಅಕ್ಕರೆಯಿಂದಲೇ ಅಂಗಡಿಗೆ ಕರೆದೊಯ್ದರು. ಬಿಲ್ಲು ಗಂಡನ ಹೆಸರಿಗಾಯಿತು. ನಾಲ್ಕು ವರ್ಷದ ಮೇಲೆ ಏಟು ತಿಂದು, ಉಟ್ಟ ಸೀರೆಯಲ್ಲೇ ತವರಿಗೆ ಬಂದಳು. ಸರ ಕೇಳಿದರೆ ಗಂಡ, “ಅದು ನಾನು ಕೊಡಿಸಿದ್ದು, ಬಿಲ್ಲು ನೋಡಿ” ಎಂದ. ಮದುವೆಯ ಫೋಟೋದಲ್ಲಿರುವ ಸರ ಎಲ್ಲೂ ಇಲ್ಲ. ಇರುವ ಸರ ಫೋಟೋದಲ್ಲಿಲ್ಲ.

ಕಾನೂನು ಅವಳ ಪರವಾಗಿಯೇ ಇದೆ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಅದನ್ನು ನಂಬಿ ಗಂಡನ ಕೈಗೆ ಕೊಟ್ಟಾಗ ಅವನು ನುಂಗಿ ಹಾಕಿದರೆ ಅದು ನಂಬಿಕೆದ್ರೋಹದ ಅಪರಾಧವೆಂದು ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು ಸ್ತ್ರೀಧನ ಹಿಂತಿರುಗಿಸಲು ಆದೇಶಿಸಬಹುದು. ಕೇರಳದ ಒಬ್ಬ ಹೆಣ್ಣುಮಗಳ 89 ಪವನು ಚಿನ್ನವನ್ನು ಮದುವೆಯ ಮೊದಲ ರಾತ್ರಿಯೇ ‘ಜೋಪಾನ’ಕ್ಕೆಂದು ತೆಗೆದುಕೊಂಡಿದ್ದರು. ಆಕೆಗೆ 25 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು 2024ರಲ್ಲಿ ತೀರ್ಪಿತ್ತಿತು. ಮದುವೆಯಾದದ್ದು 2003ರಲ್ಲಿ! ಇಷ್ಟು ವರ್ಷ ಅಲೆಯುವಾಗ ಕೈಯಲ್ಲೊಂದು ಕಾಗದವಿದ್ದರೆ ಎಷ್ಟು ಆಸರೆ, ನೀವೇ ಯೋಚಿಸಿ.

ಆದ್ದರಿಂದ ಕರಗಿಸುವ ಮುನ್ನ ಒಡವೆಯ ಫೋಟೋ ತೆಗೆಯಿರಿ. ನಿಮ್ಮೆದುರೇ ತೂಗಿಸಿ, ಕಲ್ಲು, ಅರಗು ಕಳೆದ ತೂಕವನ್ನೂ ಶುದ್ಧತೆಯನ್ನೂ ಬರೆಸಿಕೊಳ್ಳಿ. 40 ಗ್ರಾಂ ಹಳೆಯ ಸರದಲ್ಲಿ ನೂರಕ್ಕೆ 84 ಭಾಗ ಚಿನ್ನವಿದೆ ಎನ್ನೋಣ. 22 ಕ್ಯಾರೆಟ್ಟಿಗೆ, ಅಂದರೆ 916ಕ್ಕೆ, ತರುವಾಗ ಅದು ಸುಮಾರು 36.7 ಗ್ರಾಂ ಆಗುತ್ತದೆ. ಮಜೂರಿ, ವೇಸ್ಟೇಜು ಬೇರೆ. ಸಂಘದ ಲೆಕ್ಕ ಬರೆಯುವ ನಿಮಗೆ ಇದು ಕಷ್ಟವೇ?

ಹೊಸ ಒಡವೆಯ ಹಾಲ್‌ಮಾರ್ಕಿನಲ್ಲಿ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಒಡವೆಯ ಶುದ್ಧತೆ ತಿಳಿಯುತ್ತದೆ. ಆದರೆ ಒಡವೆ ಯಾರದೆಂದು ಅದು ಹೇಳುವುದಿಲ್ಲ. ಹಾಗಾಗಿ ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ. ಹಳೆಯ ಒಡವೆ ಯಾವುದು, ಯಾರದು ಎಂಬುದೂ ಅದರಲ್ಲಿ ನಮೂದಾಗಲಿ. ಮದುವೆಯ ಉಡುಗೊರೆಗಳ ಪಟ್ಟಿ ಬರೆದು ವಧೂವರರು ಸಹಿ ಹಾಕಬೇಕೆಂದು 1985ರ ನಿಯಮಗಳೇ ಹೇಳುತ್ತವೆ. ಎಷ್ಟು ಮನೆಗಳಲ್ಲಿ ಬರೆಯುತ್ತಾರೋ! ಬಿಲ್ಲಿನ ಒಂದು ಪ್ರತಿ ತವರಿನಲ್ಲೂ ಇರಲಿ.

ನನ್ನ ವಿದ್ಯಾರ್ಥಿನಿಯ ಅರ್ಜಿ ಇನ್ನೂ ನಡೆಯುತ್ತಿದೆ. ಅವಳ ತಾಯಿಯ ಟ್ರಂಕಿನಲ್ಲಿ ಅಕ್ಕಸಾಲಿಗರು ಬರೆದುಕೊಟ್ಟ ಹಳೆಯ ಚೀಟಿಯೊಂದು ಸಿಕ್ಕಿದೆ: ಎರಡೆಳೆ ಸರ, 40 ಗ್ರಾಂ. ಮಗಳ ಹೆಸರೂ ಅದರಲ್ಲಿದೆ. ವಕೀಲರು ಈಗ ಅದನ್ನೇ ಹಿಡಿದುಕೊಂಡಿದ್ದಾರೆ.